ಏಳು ಗಂಟೆಯ ಮೇಲೆ

ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮೇಲೆ ಮೂವರು, ಕೆಳಗೆ ಮೂವರು. ಮೇಲಿನವರು ಎಳೆದರೆ ಅದರ ಮೂಲೆ ಗೋಡೆಯ ಸುಣ್ಣ ಕೆರೆಯುತ್ತಿತ್ತು, ಕೆಳಗಿನವರು ತಳ್ಳಿದರೆ ಮೆಟ್ಟಿಲಿನ ಕಂಬಿ ಕಿರುಗುಟ್ಟುತ್ತಿತ್ತು. ಈ ಕಟ್ಟಡವನ್ನು ಕಟ್ಟಿಸಿದವನು ಬಾಡಿಗೆಯವರು ನಡೆದು ಹತ್ತುತ್ತಾರೆ, ನಡೆದೇ ಇಳಿಯುತ್ತಾರೆ ಎಂದುಕೊಂಡಿದ್ದ. ಪೆಟ್ಟಿಗೆ ಮಾಡಿದವನು ಸಮುದ್ರದಾಚೆಯ ಎತ್ತರದ ಆಳುಗಳ ಅಳತೆ ಹಿಡಿದಿದ್ದ. ಇಬ್ಬರ ಅಳತೆಯೂ ಒಳಗೆ ಮಲಗಿದ್ದ ಮನುಷ್ಯನಿಗೆ ಹೊಂದುವಂತಿರಲಿಲ್ಲ.

ಕೆಳಮನೆಯ ಬಡಗಿ ತಲೆ ಓರೆ ಮಾಡಿ ನೋಡಿ, ನೆಟ್ಟಗೆ ನಿಲ್ಲಿಸಿ ತಿರುಗಿಸಿದರೆ ಹೋಗುತ್ತದೆ ಎಂದ. ಕೈಗಳು ಹಿಡಿತ ಬದಲಿಸಿದವು.

“ನಿಲ್ಲಿಸಬೇಡಿ,” ಎಂದಳು ಮೇಲಿನ ಮೆಟ್ಟಿಲಲ್ಲಿದ್ದ ಸತ್ತವನ ಹೆಂಡತಿ. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು. “ಇಪ್ಪತ್ತೆಂಟು ವರ್ಷ ನಿಂತೇ ದುಡಿದಿದ್ದಾರೆ. ಇವತ್ತು ಮಲಗಿರಲಿ.”

ಬಡಗಿ ಕೆಳಗಿಳಿದು ಹೋಗಿ ಸ್ಪ್ಯಾನರು ತಂದು ಕಂಬಿಯ ನಾಲ್ಕು ಬೋಲ್ಟು ಬಿಚ್ಚಿದ. ಕಂಬಿ ಕಳಚಿದ ಕಡೆ ಪೆಟ್ಟಿಗೆ ಅರ್ಧ ಗಾಳಿಯಲ್ಲಿ ಚಾಚಿಕೊಂಡು, ಮಲಗಿದಂತೆಯೇ ತಿರುಗಿತು. ಹೊರಗಿನ ತುದಿಗೆ ಹೆಗಲು ಕೊಟ್ಟಿದ್ದವನು ಕಡ್ಡಿ. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಇಲ್ಲವೆಂದು ಆ ಹೆಸರು. ಅವನ ತಾಯಿಯೂ ಹಾಗೇ ಕರೆಯುತ್ತಿದ್ದಳು. ಸತ್ತವನ ಜೊತೆ ಒಂದೇ ಲಾಂಡ್ರಿಯಲ್ಲಿ, ಒಂದೇ ಕೋಣೆಯಲ್ಲಿ ಆರು ವರ್ಷ ಇದ್ದವನು. ಹೆಣದ ಜೊತೆ ವಿಮಾನದಲ್ಲಿ ಬಂದವನೂ ಅವನೇ. ಅವನ ಬಲಗೈ ಸುಟ್ಟು ಮುರುಟಿತ್ತು, ಭಾರವನ್ನು ಮಣಿಕಟ್ಟಿನಿಂದ ಹಿಡಿಯುತ್ತಿದ್ದ. ಬೀದಿಬಾಗಿಲಲ್ಲಿ “ಅತ್ತಿಗೇ, ಕರ್ಕೊಂಡು ಬಂದೆ” ಎಂದಿದ್ದೇ ಕೊನೆ, ಆಮೇಲೆ ಅವಳ ಮುಖಕ್ಕೆ ಮುಖ ಕೊಟ್ಟಿರಲಿಲ್ಲ.

ಇದ್ದದ್ದು ಒಂದೇ ಕೋಣೆ, ಅದರ ಹಿಂದೆ ಅಡುಗೆಮನೆ. ಕಾಜಾ ಹೊಲಿಯುವ ಯಂತ್ರವನ್ನು ಗೋಡೆಗೆ ತಳ್ಳಿ, ಗುಂಡಿ ಹಚ್ಚಲು ಬಂದಿದ್ದ ಅಂಗಿಗಳ ಗಂಟನ್ನು ಅದರ ಮೇಲೇರಿಸಿ, ಎರಡು ಬೆಂಚು ಜೋಡಿಸಿ ಪೆಟ್ಟಿಗೆಯನ್ನಿಟ್ಟರು. ಮುಚ್ಚಳದ ಮೇಲೆ ಒಂದು ಚೀಟಿ: ಹೆಸರು, ಒಂದು ನಂಬರು, ಕೆಂಪಕ್ಷರದಲ್ಲಿ ತೆರೆಯಬಾರದೆಂಬ ಆಜ್ಞೆ.

ಸತ್ತವನ ಅಕ್ಕ ಅದನ್ನು ಓದಿಸಿಕೊಂಡು ಕೇಳಿದಳು. ಊರಿಗೆಲ್ಲ ಅವಳು ಅಕ್ಕನೇ. ನಾಲಿಗೆ ಹರಿತ, ಮೊಣಕಾಲು ಮೊಂಡು. “ಇವನು ಹುಟ್ಟಿದಾಗ ಮೊದಲು ಎತ್ಕೊಂಡವಳು ನಾನು,” ಎಂದಳು. “ಈಗ ಮುಖ ನೋಡೋಕೆ ಕಂಪನಿಯೋರ ಅಪ್ಪಣೆ ಇಲ್ವಂತೆ. ಆಗಲಿ. ಅವರೇ ಹೆತ್ತಿದ್ದರೋ ಏನೋ.”

ಆಗ ಏಜೆಂಟ ಬಂದ. ಅದೇ ಕಟ್ಟಡದ ನೆಲಮಹಡಿಯಲ್ಲಿ, ಗಾಜಿನ ಬಾಗಿಲ ಮೇಲೆ ವಿಮಾನದ ಚಿತ್ರ ಅಂಟಿಸಿಕೊಂಡ ಕಚೇರಿ ಅವನದು. ಈ ಬೀದಿಯಿಂದ ಹನ್ನೊಂದು ಜನರನ್ನು ಹೊರಗೆ ಕಳಿಸಿದ್ದ. ಪೆಟ್ಟಿಗೆಯ ಪಕ್ಕ ಕೂತು ನಿಜವಾಗಿಯೇ ಅತ್ತ. ಅಳುವಾಗಲೂ ಕಂಕುಳಲ್ಲಿದ್ದ ಫೈಲನ್ನು ಮಾತ್ರ ಸಡಿಲ ಬಿಡಲಿಲ್ಲ.

*

ಇಪ್ಪತ್ಮೂರು ವರ್ಷದ ಹಿಂದೆ, ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ, ಇಸ್ತ್ರಿ ವಿಭಾಗದಿಂದ ಒಬ್ಬ ಕಾಜಾ ವಿಭಾಗಕ್ಕೆ ನಡೆದು ಬಂದ. ಕೈಯಲ್ಲಿ ಬಿಳಿ ಅಂಗಿ. ಅದರ ಎರಡನೇ ಗುಂಡಿ ಮೇಣದಂತೆ ಕರಗಿ ಬಟ್ಟೆಗೆ ಅಂಟಿತ್ತು.

ಈ ಗುಂಡಿ ಹಾಕಿದ್ದು ಯಾರೆಂದು ಕೇಳಿದ. ನಾನು ಎಂದವಳು, ಅದನ್ನು ಸುಟ್ಟಿದ್ದು ಯಾರೆಂದು ಕೇಳಿದಳು. ನಾನೇ ಎಂದ. ಗುಂಡಿ ಕಳಪೆಯೆಂದು ಅವನೂ, ಇಸ್ತ್ರಿಪೆಟ್ಟಿಗೆ ಅತಿಯಾಗಿ ಕಾದಿತ್ತೆಂದು ಅವಳೂ ಊಟದ ಗಂಟೆಯವರೆಗೆ ಜಗಳವಾಡಿದರು. ಅಂಗಿ ಯಾರ ಕೈಯಲ್ಲಿ ಕೆಟ್ಟಿತೋ ಅವರ ಮೇಲೆ ದಂಡ. ಇಬ್ಬರಲ್ಲಿ ಒಬ್ಬರು ತಲೆ ಕೊಡಲೇಬೇಕಿತ್ತು. ಮಾರನೆಯ ಬೆಳಿಗ್ಗೆ ಅವನು ಅವಳ ಯಂತ್ರದ ಮೇಲೆ ಒಂದು ಗುಂಡಿಯಿಟ್ಟು ಹೋದ. ತನ್ನ ಅಂಗಿಯಿಂದಲೇ ಕಿತ್ತದ್ದು. ಅವಳು ಅದನ್ನು ಹಚ್ಚಿದಳು, ಅಂಗಿ ಪಾಸಾಯಿತು, ದಂಡ ಯಾರಿಗೂ ಬೀಳಲಿಲ್ಲ. ಅವನು ಮಾತ್ರ ನಾಲ್ಕು ತಿಂಗಳು ಎದೆಯ ಹತ್ತಿರ ಒಂದು ಗುಂಡಿ ಇಲ್ಲದೆಯೇ ತಿರುಗಿದ. ಮದುವೆಯಾದ ವಾರಕ್ಕೆ ಅವಳೇ ಹಾಕಿಕೊಟ್ಟಳು. “ಇಷ್ಟಕ್ಕಾಗಿ ಮದುವೆ ಆಗಬೇಕಾಯ್ತು ನೋಡು,” ಎಂದಿದ್ದ.

ಇಸ್ತ್ರಿಯವನು ಯಾವುದನ್ನೂ ಮುದುರಿದಂತೆ ಬಿಡುತ್ತಿರಲಿಲ್ಲ. ಪೇಪರು ಓದುವ ಮುಂಚೆ ಅದಕ್ಕೊಂದು ಇಸ್ತ್ರಿ, ಮಗಳ ನೋಟುಪುಸ್ತಕದ ರಟ್ಟಿಗೊಂದು ಇಸ್ತ್ರಿ. ಪೆಟ್ಟಿಗೆಯ ಕಾವನ್ನು ಕಣ್ಣಿಂದ ನೋಡದೆ ಕಿವಿಯಿಂದ ಅಳೆಯುತ್ತಿದ್ದ: ಒದ್ದೆ ಬೆರಳು ತಾಗಿಸಿದರೆ ‘ಚುಂಯ್’ ಎಂದರೆ ಹತ್ತಿಗೆ, ‘ಚಸ್’ ಎಂದರೆ ಉಣ್ಣೆಗೆ, ಏನೂ ಅನ್ನದಿದ್ದರೆ ಓಡು ಎನ್ನುತ್ತಿದ್ದ.

ಕಾರ್ಖಾನೆ ಬಾಗಿಲು ಹಾಕಿದಾಗ ಏಜೆಂಟನೇ ಎರಡು ಮಹಡಿ ಹತ್ತಿ ಬಂದ. ದೊಡ್ಡ ದೇಶವೊಂದರ ಸೈನ್ಯ ಯಾವುದೋ ಸಣ್ಣ ದೇಶದಲ್ಲಿ ಬೀಡುಬಿಟ್ಟಿದೆ, ಅವರ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ, ಬಂದೂಕು ಹಿಡಿಯುವುದಲ್ಲ ಎಂದ. ನನ್ನ ಸ್ವಂತ ತಮ್ಮನನ್ನೇ ಕಳಿಸುತ್ತಿದ್ದೇನೆ, ಇನ್ನೇನು ಬೇಕು ಎಂದ. ಆ ಸರ್ಕಾರ ಒಬ್ಬ ದೊಡ್ಡ ಗುತ್ತಿಗೆದಾರನಿಗೆ ಕೆಲಸ ಕೊಟ್ಟಿತ್ತು, ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಆ ಮತ್ತೊಬ್ಬನ ಬಾಲದ ತುದಿ ಈ ಏಜೆಂಟ. ಯುದ್ಧ ಯಾರದೋ, ಕೊಳೆ ಯಾರದೋ, ಉಜ್ಜುವ ಕೈ ಮಾತ್ರ ಈ ಬೀದಿಯದು.

*

ಹನ್ನೆರಡರ ಹೊತ್ತಿಗೆ ಏಜೆಂಟ ಕಣ್ಣೊರೆಸಿಕೊಂಡು ಫೈಲು ಬಿಚ್ಚಿದ. ಬಂದವರಿಗೆಲ್ಲ ಕೇಳುವಂತೆ, ಆದರೆ ಹೆಂಡತಿಗೆ ಹೇಳುವಂತೆ ಮಾತಾಡಿದ. ಕಂಪನಿಗೆ ಬಹಳ ದುಃಖವಾಗಿದೆಯಂತೆ. ವಿಮಾನದ ಖರ್ಚು, ಪೆಟ್ಟಿಗೆಯ ಖರ್ಚು ಅವರದೇ. ಮೇಲೆ ಅನುಕಂಪದ ಮೊತ್ತವೆಂದು ಆರು ತಿಂಗಳ ಸಂಬಳ. ಇಲ್ಲೊಂದು ಸಹಿ ಹಾಕಿದರೆ ಮುಗಿಯಿತು. ಮರಣದ ಅಸಲು ಪ್ರಮಾಣಪತ್ರ ತನ್ನ ಬಳಿಯೇ ಇದೆ, ಅದಿಲ್ಲದೆ ಮಣ್ಣು ಮಾಡಲು ಬಿಡುವುದಿಲ್ಲ, ಸ್ಮಶಾನದ ಕಚೇರಿ ಬೇರೆ ನಾಲ್ಕಕ್ಕೆ ಮುಚ್ಚುತ್ತದೆ.

“ಅಂದರೆ, ಸಹಿ ಹಾಕದಿದ್ರೆ ನೀನು ಆ ಕಾಗದ ಕೊಡಲ್ಲ,” ಎಂದಳು ಅಕ್ಕ.

“ಹಾಗಲ್ಲಕ್ಕ. ಎರಡೂ ಒಟ್ಟಿಗೇ ಆಗಬೇಕು ಅಂತ ಮೇಲಿನೋರು ಹೇಳಿದ್ದಾರೆ.”

“ಮೇಲಿನೋರು ಅಂದ್ರೆ ಯಾರಪ್ಪ? ನಮ್ಮ ಮೇಲಿರೋದು ಟೆರೇಸು.”

ಯಾರೋ ನಕ್ಕರು, ನಕ್ಕು, ಪೆಟ್ಟಿಗೆ ನೋಡಿ ಬಾಯಿ ಮುಚ್ಚಿಕೊಂಡರು. ಮುದುಕರೊಬ್ಬರು, ಹೋದವನು ಹೋದ, ಇದ್ದವರ ಹೊಟ್ಟೆ ನೋಡಬೇಕಲ್ಲ, ಸಿಕ್ಕಿದ್ದನ್ನು ತೆಗೆದುಕೊಳ್ಳಮ್ಮ ಎಂದರು. ಆನೆಯ ಎದುರು ಇರುವೆ ದಾವೆ ಹೂಡುತ್ತದೆಯೇ ಎಂದು ಇನ್ನೊಬ್ಬರು ದನಿಗೂಡಿಸಿದರು. ಅವರು ಕೆಟ್ಟವರಲ್ಲ. ಬಾಗುವುದನ್ನೇ ಬಾಳಿಕೆ ಎಂದು ಕಲಿತವರು.

ಹೆಂಡತಿ ಕಾಗದವನ್ನು ಮಗಳಿಗೆ ಕೊಟ್ಟಳು. ಕಾಲೇಜಿನ ಮೂರನೇ ವರ್ಷದಲ್ಲಿದ್ದ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲು ತನ್ನಷ್ಟಕ್ಕೆ ಓದಿಕೊಂಡಳು. ಆ ಕಾನೂನಿನ ಭಾಷೆ ಅವಳಿಗೆ ಹೊಸದಾಗಿರಲಿಲ್ಲ.

*

ಅದನ್ನು ಅವಳಿಗೆ ಕಲಿಸಿದ್ದು ಆ ಭಾಷೆಯ ಒಂದಕ್ಷರವೂ ಬಾರದ ಅಪ್ಪ.

ಅಲ್ಲಿಗೆ ಹೋದ ಮೂರನೇ ವರ್ಷ ಕಡ್ಡಿಯ ಕೈ ಹಬೆಯ ಒತ್ತುಯಂತ್ರದ ಎರಡು ಹಲಗೆಗಳ ನಡುವೆ ಸಿಕ್ಕಿತು. ಕ್ಯಾಂಪಿನ ಡಾಕ್ಟರು ಬ್ಯಾಂಡೇಜು ಸುತ್ತಿದ. ಮೇಲ್ವಿಚಾರಕ, ಊಟದ ಮನೆಯಲ್ಲಿ ಬಿಸಿನೀರು ಚೆಲ್ಲಿಕೊಂಡ ಎಂದು ಬರೆದ. ಕಡ್ಡಿ ಹೌದೆಂದು ಹೆಬ್ಬೆಟ್ಟೊತ್ತಿದ, ಎಡಗೈಯ ಹೆಬ್ಬೆಟ್ಟು. ಇಲ್ಲವೆಂದರೆ ಮುಂದಿನ ವಿಮಾನದಲ್ಲಿ ವಾಪಸು ಕಳಿಸುತ್ತಿದ್ದರು.

ಅದೇ ತಿಂಗಳು ಕಾಲು ಕಳೆದುಕೊಂಡ ಲಾರಿ ಡ್ರೈವರನೊಬ್ಬ ಊರಿಗೆ ಹೊರಡುವ ಮುಂಚೆ ತನ್ನ ಬಟ್ಟೆ ಕೇಳಿಕೊಂಡು ಊರುಗೋಲಿನ ಮೇಲೆ ಲಾಂಡ್ರಿಗೆ ಬಂದ. ಒಣಗಿಸುವ ಯಂತ್ರದ ಹಿಂದೆ ಗೋಡೆಗೆ ಹೊಡೆದಿದ್ದ, ನೂಲಿನ ಧೂಳು ಅಂಟಿ ಕಂಬಳಿಯಂತಾಗಿದ್ದ ಒಂದು ಹಾಳೆಯನ್ನು ಗೋಲಿನಿಂದ ತೋರಿಸಿ, ಅದರಲ್ಲಿ ನಿಮ್ಮ ಕೈಕಾಲಿನ ಹಕ್ಕು ಬರೆದಿದೆ, ಯಾರಿಂದಲಾದರೂ ಓದಿಸಿ ಎಂದು ಹೇಳಿ ಹೋದ. ಓದಲು ಬರುವವರು ಎಂಟು ಜನರಲ್ಲಿ ಒಬ್ಬರೂ ಇರಲಿಲ್ಲ. ಒಳಗೆ ಫೋನು ತರುವಂತಿರಲಿಲ್ಲ.

ಇಸ್ತ್ರಿಯವನು ಹಾಳೆಯ ಧೂಳು ಕೊಡವಿ, ಅದನ್ನು ಬಿಡಿಸತೊಡಗಿದ. ಬರೆದದ್ದಲ್ಲ, ಬಿಡಿಸಿದ್ದು. ದಿನವೂ ಊಟದ ಬಿಡುವಿನಲ್ಲಿ ಹತ್ತು ನಿಮಿಷ, ಬಟ್ಟೆಯ ಗಂಟಿಗೆ ಸಿಕ್ಕಿಸಿ ಬರುವ ರಟ್ಟಿನ ಚೀಟಿಗಳ ಬೆನ್ನಿಗೆ, ಅಕ್ಷರದ ಆಕಾರ ನೋಡಿ ಆಕಾರ. ನಲವತ್ತೆರಡು ಚೀಟಿಗಳಾದವು. ರಜೆಗೆ ಬರುವಾಗ ಕಾಲುಚೀಲದೊಳಗೆ ತಂದ. ಮಗಳು ಅವನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದಾಗ ಕೋಣೆ ತುಂಬಿತು, ಅಮ್ಮ ಅಡುಗೆಮನೆಯಿಂದ ಹೊರಗೆ ಬರಲು ಜಾಗವಿರಲಿಲ್ಲ. ಯಾವುದು ಅಕ್ಷರ, ಯಾವುದು ಅಲ್ಲ ಎಂದು ತಿಳಿಯದೆ ಹಾಳೆಯ ಮೇಲಿದ್ದ ಮೊಳೆಯ ತೂತನ್ನೂ ಒಂದು ಸತ್ತ ನೊಣವನ್ನೂ ಅವನು ನಿಷ್ಠೆಯಿಂದ ಬಿಡಿಸಿದ್ದ.

ನಿಘಂಟು ಹಿಡಿದು ಮಗಳು ಎರಡು ದಿನ ಓದಿದಳು. ರಜೆಗೆ ಜೊತೆಯಲ್ಲೇ ಬಂದಿದ್ದ ಕಡ್ಡಿಯೂ ಬಾಗಿಲಲ್ಲಿ ಕೂತು ಕೇಳಿದ. ಆ ಸರ್ಕಾರದ ಗುತ್ತಿಗೆಯಲ್ಲಿ ಹೊರದೇಶದಲ್ಲಿ ದುಡಿಯುವವನು, ಅವನು ಯಾವ ದೇಶದವನಾದರೂ, ಗುತ್ತಿಗೆ ಎಷ್ಟು ಕೈ ದಾಟಿದ್ದರೂ, ಕೆಲಸದಲ್ಲಿ ಗಾಯಗೊಂಡರೆ ಚಿಕಿತ್ಸೆ, ಪರಿಹಾರ. ಸತ್ತರೆ ಹೆಂಡತಿಗೆ, ಅವಳು ಬದುಕಿರುವಷ್ಟು ಕಾಲ, ಸಂಬಳದ ಅರ್ಧ. ಮೂವತ್ತು ದಿನದೊಳಗೆ ತಿಳಿಸಬೇಕು.

ಇಸ್ತ್ರಿಯವನು ಕಡ್ಡಿಯ ಕಡೆ ನೋಡಿದ. ಕಡ್ಡಿ ತನ್ನ ಕೈಯನ್ನು ಪಂಚೆಯಡಿ ಇಟ್ಟುಕೊಂಡ. “ನಂಗೆ ಬೇಡಣ್ಣ. ಕೈ ಹೋದರೆ ಕೈ ಅಷ್ಟೇ ಹೋಯ್ತು. ಕೆಲಸ ಹೋದರೆ ಮನೆಯೆಲ್ಲ ಹೋಗುತ್ತೆ.”

ಇಸ್ತ್ರಿಯವನು ಅವನ ಜೊತೆ ಮೂರು ದಿನ ಮಾತು ಬಿಟ್ಟ. ನಾಲ್ಕನೇ ದಿನ ಕಡ್ಡಿಯ ಮನೆಗೆ ಹೋಗಿ, ಹಗ್ಗದ ಮೇಲಿದ್ದ ಅವನ ಅಂಗಿಗಳನ್ನೆಲ್ಲ ಹೊತ್ತು ತಂದು, ಇಸ್ತ್ರಿ ಮಾಡಿ ವಾಪಸು ಕೊಟ್ಟ. ಅವನಿಗೆ ಗೊತ್ತಿದ್ದ ರಾಜಿ ಅದೊಂದೇ.

*

ಮಗಳು ಕಾಗದವನ್ನು ಜೋರಾಗಿ ಓದಿದಳು. ಸತ್ತವನು ಅಂದು ಸಂಜೆ ಏಳು ಗಂಟೆಗೆ ಕೆಲಸ ಮುಗಿಸಿ, ವಸತಿಯ ಗೇಟಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದಾನೆ. ಅನಂತರ ಅನುಮತಿಯಿಲ್ಲದೆ, ಸ್ವಂತ ಕೆಲಸಕ್ಕಾಗಿ ಮತ್ತೆ ಲಾಂಡ್ರಿಯೊಳಗೆ ಹೋಗಿದ್ದಾನೆ. ಏಳು ಇಪ್ಪತ್ತಕ್ಕೆ ಹಬೆಯ ಬಾಯ್ಲರು ಸಿಡಿದು ಸತ್ತಿದ್ದಾನೆ. ಆ ಹೊತ್ತಿನಲ್ಲಿ ಅವನು ಕಂಪನಿಯ ಕೆಲಸದಲ್ಲಿರಲಿಲ್ಲ ಎಂದು ಹೆಂಡತಿಯಾದ ನಾನು ಒಪ್ಪುತ್ತೇನೆ.

ಜೊತೆಗೆ ಎರಡು ಪ್ರತಿಗಳಿದ್ದವು. ಒಂದು, ಅಂದಿನ ಹಾಜರಿ ಪುಟ. ಇನ್ನೊಂದು, ಏಳಕ್ಕೆ ತಾವಿಬ್ಬರೂ ಕೂಡಿಯೇ ಗೇಟಿಗೆ ಬಂದೆವೆಂದು ಸಹೋದ್ಯೋಗಿ ಕೊಟ್ಟ ಹೇಳಿಕೆ. ಅದರಡಿ ಕಡ್ಡಿಯ ಸಹಿ.

ಮಗಳ ದನಿ ಅಲ್ಲಿ ಕುಗ್ಗಿತು. “ಅಪ್ಪನ ಸಹಿ ಇದೆಯಮ್ಮ. ಏಳು ಗಂಟೆ ಅಂತಲೇ ಇದೆ.”

ಕೋಣೆಯಲ್ಲಿದ್ದವರು ನಿಟ್ಟುಸಿರಿಟ್ಟರು. ಬರೆದ ಮೇಲೆ ಮುಗಿಯಿತು ಎಂಬ ನಿಟ್ಟುಸಿರು. ಏಜೆಂಟ ಪೆನ್ನಿನ ಮುಚ್ಚಳ ತೆಗೆದು ಹಿಡಿದ.

ಹೆಂಡತಿ ಹಾಜರಿ ಪುಟವನ್ನು ಕೈಗೆ ತೆಗೆದುಕೊಂಡಳು. ಎಂಟು ಸಹಿಗಳಿದ್ದವು. ನಾಲ್ಕನೆಯದು ಗಂಡನದು, ಕೊನೆಯ ಗೆರೆ ಅಂಗಿಯ ಕಾಲರಿನಂತೆ ಮಡಚಿಕೊಂಡದ್ದು, ಅದೇ. ಆದರೆ ಅವಳು ಅದೊಂದನ್ನೇ ನೋಡುತ್ತಿರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಂಟನ್ನೂ ನೋಡಿದಳು. ದಿನಕ್ಕೆ ಮುನ್ನೂರು ಕಾಜಾ ಹೊಲಿಯುವವಳು. ನಾಲ್ಕು ಹೆಂಗಸರು ಮಾಡಿದ ಅಂಗಿಗಳನ್ನು ರಾಶಿ ಹಾಕಿದರೂ ಇದು ಇವಳ ಕೈ, ಅದು ಅವಳ ಕೈ ಎಂದು ಹೇಳಬಲ್ಲವಳು. ಮೊದಲ ಗಂಟನ್ನು ಹೇಗೆ ಹಾಕಿದ್ದಾರೆ ಎನ್ನುವುದರಲ್ಲಿ ಕೈ ಗೊತ್ತಾಗುತ್ತದೆ. ಈ ಎಂಟು ಸಹಿಗಳಲ್ಲಿ ಒಂದೊಂದರ ಶುರುವಿನಲ್ಲೂ ಒಂದು ಸಣ್ಣ ಚುಕ್ಕೆಯಿತ್ತು. ಬರೆಯುವ ಮುಂಚೆ ಪೆನ್ನನ್ನು ಕಾಗದಕ್ಕೆ ಊರಿ, ಬೆರಳು ಸರಿಮಾಡಿಕೊಂಡ ಗುರುತು.

ಅವಳು ತಲೆಯೆತ್ತಿ ಕಡ್ಡಿಯನ್ನು ನೋಡಿದಳು. ಅವನು ಬಾಗಿಲ ಪಕ್ಕ ನಿಂತಿದ್ದ, ಬಲಗೈ ಕಂಕುಳಲ್ಲಿ.

“ಇದು ಎಂಟು ಜನರ ಕೈಯಲ್ಲ,” ಎಂದಳು. “ಒಬ್ಬರ ಕೈ. ಯಾರದಪ್ಪ?”

ಕಡ್ಡಿ ಗೋಡೆಗೊರಗಿ ನೆಲದ ಮೇಲೆ ಕೂತ. ಆಮೇಲೆ ಹೇಳಿದ್ದನ್ನು ಪೆಟ್ಟಿಗೆಗೇ ಹೇಳಿದ.

ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಯಾರನ್ನೂ ದುಡಿಸಬಾರದೆಂದು ಆ ಸರ್ಕಾರದ ಕಟ್ಟಪ್ಪಣೆ. ದುಡಿಸಿದರೆ ಕಂಪನಿಗೆ ಜುಲ್ಮಾನೆ. ಅದಕ್ಕೆ ಬೆಳಿಗ್ಗೆ ಏಳಕ್ಕೆ ತೆರೆದ ಪುಸ್ತಕ ಸಂಜೆ ಏಳಕ್ಕೆ ಮುಚ್ಚುತ್ತಿತ್ತು. ಆದರೆ ರಾಶಿ ಏಳಕ್ಕೆ ಮುಗಿಯುತ್ತಿರಲಿಲ್ಲ. ಉಳಿದದ್ದನ್ನು ಮುಗಿಸದಿದ್ದರೆ ಮಾರನೆ ದಿನ ಬೈಗುಳ, ಮೂರು ಸಲವಾದರೆ ಮನೆ. ಪುಸ್ತಕ ಇದ್ದದ್ದು ವಸತಿಯ ಗೇಟಿನಲ್ಲಿ, ಲಾಂಡ್ರಿಯಿಂದ ಕಾಲು ಗಂಟೆಯ ದಾರಿ. ಮೊದಮೊದಲು ಎಂಟು ಜನವೂ ಏಳಕ್ಕೆ ಅಲ್ಲಿಗೆ ಓಡಿ, ಕೆಲಸ ಮುಗಿಯಿತೆಂದು ಸಹಿ ಹಾಕಿ, ಮತ್ತೆ ಕೆಲಸಕ್ಕೆ ಓಡಿ ಬರುತ್ತಿದ್ದರು. ಎಂಟು ಜೋಡಿ ಕಾಲು ಯಾಕೆ ಸವೆಯಬೇಕು, ವಾರಕ್ಕೊಬ್ಬ ಹೋಗಿ ಎಲ್ಲರದೂ ಹಾಕಿ ಬರೋಣ ಎಂದು ಒಂದು ದಿನ ಇಸ್ತ್ರಿಯವನೇ ಹೇಳಿದ. ಪುಸ್ತಕದ ಪಾಳಿ ಎಂದು ಅದಕ್ಕೆ ಹೆಸರಾಯಿತು. ಒಬ್ಬರ ಸಹಿ ಒಬ್ಬರು ಕಲಿತರು. ಗೇಟಿನವನು ತಲೆಯೆತ್ತಿ ನೋಡುತ್ತಿರಲಿಲ್ಲ.

“ಆ ವಾರ ಅಣ್ಣನ ಪಾಳಿ,” ಎಂದ ಕಡ್ಡಿ. “ನಿನ್ನ ಕೈ ನೋಯ್ತಿದೆ, ಇಸ್ತ್ರಿಪೆಟ್ಟಿಗೆ ಹಿಡೀಬೇಡ, ನನ್ನ ಬದಲು ನೀನು ನಡೆದು ಬಾ ಅಂದ. ನಾನು ಅಲ್ಲಿ ಅಣ್ಣನ ಸಹಿಯೂ ಸೇರಿ ಎಂಟನ್ನೂ ನಿಧಾನಕ್ಕೆ ಹಾಕಿ ವಾಪಸು ಬರ್ತಾ ಇದ್ದೆ. ದಾರೀಲಿ ಸದ್ದು ಕೇಳಿಸ್ತು. ಉಳಿದೋರು ಆಚೆ ಅಂಗಳದಲ್ಲಿ ಬಟ್ಟೆ ಕಟ್ತಾ ಇದ್ರು. ಒಳಗೆ ಅಣ್ಣ ಒಬ್ಬನೇ. ಸೈನ್ಯದೋರ ಅಂಗಿ ಅತ್ತಿಗೆ, ಅವನ ಸ್ವಂತದ್ದಲ್ಲ. ಹೆಣದ ಜೊತೆ ಬರೋಕೆ ರಜೆ ಬೇಕು ಅಂದ್ರೆ ಹೇಳಿಕೆಗೆ ಸಹಿ ಹಾಕು ಅಂದ್ರು. ಹಾಕಿದೆ.”

ಆರು ವರ್ಷ ದಿನವೂ ಅವಳ ಗಂಡ ಏಳು ಗಂಟೆಗೆ ಕಾಗದದ ಮೇಲೆ ಮನೆಗೆ ಹೋಗಿದ್ದ. ಉಳಿದ ಹೊತ್ತು ಅಲ್ಲಿ ನಿಂತು ದುಡಿದವನು ಯಾರೂ ಅಲ್ಲ, ಯಾರ ಆಳೂ ಅಲ್ಲ.

ಏಜೆಂಟ ತಗ್ಗಿದ ದನಿಯಲ್ಲಿ ಕಡ್ಡಿಗೆ ಬುದ್ಧಿ ಹೇಳತೊಡಗಿದ. ಗುರುವಾರ ನಿನ್ನ ವಾಪಸು ಟಿಕೆಟ್ಟಿದೆ. ಇದನ್ನು ಇಲ್ಲೇ ಬಿಡು. ಬೇರೆಯವರ ಸಹಿ ಹಾಕುವುದಕ್ಕೆ ಏನೆನ್ನುತ್ತಾರೆ ಗೊತ್ತಾ, ಕೆಲಸವೂ ಹೋಗುತ್ತದೆ, ಜೈಲೂ ಕಾಣುತ್ತೀಯ. ಬಾಯಿ ಮಾತು ಯಾರು ನಂಬುತ್ತಾರೆ, ಪುಸ್ತಕ ಇದೆಯಲ್ಲ.

ಕಡ್ಡಿ ಅತ್ತಿಗೆಯ ಕಡೆ ನೋಡಿದ. ಬೇಡುತ್ತಿದ್ದನೋ, ಅಪ್ಪಣೆ ಕೇಳುತ್ತಿದ್ದನೋ. ಅವಳು ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನಿಗೂ ಹೆಂಡತಿ, ತಾಯಿ ಇದ್ದಾರೆಂದು ಅವಳಿಗೆ ಗೊತ್ತಿತ್ತು. ಏಜೆಂಟ ಚಾಚಿದ್ದ ಪೆನ್ನನ್ನು ಮಾತ್ರ ಅವಳು ತೆಗೆದುಕೊಂಡಳು. ತೆಗೆದುಕೊಂಡು, ಸಹಿ ಹಾಕದೆ, ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟಳು.

ಕಡ್ಡಿ ಎದ್ದ. ಕಂಪನಿಯ ಕಾಗದವನ್ನು ಬೋರಲು ಹಾಕಿ, ಪೆಟ್ಟಿಗೆಯ ಪಕ್ಕ ಮೊಣಕಾಲೂರಿ, ಮುರುಟಿದ ಕೈಯಲ್ಲಿ ಪೆನ್ನು ಹಿಡಿದು ಊರಿದ. ಚುಕ್ಕೆ ಮೂಡಿತು. ಮೊದಲನೆಯದು ಹಾಕಿದ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಕೊನೆಯ ಗೆರೆ ಕಾಲರಿನಂತೆ ಮಡಚಿಕೊಂಡಾಗ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೆಂಡತಿ ರೆಪ್ಪೆ ಮುಚ್ಚಲಿಲ್ಲ. ಗಂಡ ಹೆಸರು ಬರೆಯುವುದನ್ನು ಇನ್ನೊಮ್ಮೆ ನೋಡಲು ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಐದನೆಯದು. ಆರನೆಯದು ಹೆಡೆಯೆತ್ತಿದ ಹಾವಿನಂಥ ಸಹಿ. ಅದು ಮುಗಿಯುವ ಮುಂಚೆಯೇ ಏಜೆಂಟನ ಕೈ ಕಾಗದದ ಮೇಲೆ ಬಿತ್ತು.

“ಇದು ನನ್ನ ತಮ್ಮಂದು,” ಎಂದ.

“ಹೌದು,” ಎಂದ ಕಡ್ಡಿ. “ಏಳು ಗಂಟೆ ಮೇಲೆ ನಿಮ್ಮ ತಮ್ಮನೂ ಕೆಲಸದಲ್ಲಿ ಇರಲ್ಲ. ಈಗಲೂ ಅಲ್ಲೇ ಇದ್ದಾನೆ. ಹೊಸ ಬಾಯ್ಲರು ಇನ್ನೂ ಬಂದಿಲ್ಲ, ಹಳೇದಕ್ಕೆ ತೇಪೆ ಹಾಕಿದ್ದಾರೆ.”

ಏಜೆಂಟನ ಕೈ ಅಲ್ಲಿಂದ ಮೇಲೇಳಲಿಲ್ಲ. ಕಡ್ಡಿ ಆ ಕೈಯನ್ನು ಮೆಲ್ಲಗೆ ಸರಿಸಿ ಏಳನೆಯದನ್ನೂ ಎಂಟನೆಯದನ್ನೂ ಹಾಕಿ ಮುಗಿಸಿದ. ಎಂಟನೆಯದು ಅವನದೇ. ಅದೊಂದೇ ಸ್ವಲ್ಪ ಸೊಟ್ಟಗಿತ್ತು.

ನಡೆದದ್ದನ್ನೆಲ್ಲ ಮಗಳು ಬರೆದುಕೊಂಡಳು. ಕಡ್ಡಿ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿಸಿಕೊಂಡು ಒಪ್ಪಿದ. ಅದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಬಡಗಿ ಸಾಕ್ಷಿಯ ಸಹಿ ಹಾಕಿದ. ಸಿಕ್ಕಿದ್ದು ತಗೋ ಎಂದಿದ್ದ ಮುದುಕರು ಕನ್ನಡಕ ತರಿಸಿಕೊಂಡು ಅದರ ಕೆಳಗೆ ತಮ್ಮದನ್ನೂ ಹಾಕಿದರು. ಮೂವತ್ತು ದಿನದಲ್ಲಿ ಹನ್ನೊಂದು ಕಳೆದಿದ್ದವು.

ಏಜೆಂಟ ಫೈಲಿನಿಂದ ಪ್ರಮಾಣಪತ್ರ ತೆಗೆದು ಬೆಂಚಿನ ತುದಿಗೆ ಇಟ್ಟ. ಯಾರ ಮುಖವನ್ನೂ ನೋಡಲಿಲ್ಲ. “ನಾನು ಕೊಡಲಿಲ್ಲ,” ಎಂದ. “ಅಳೋ ಗಲಾಟೇಲಿ ನೀವೇ ತಗೊಂಡ್ರಿ ಅಂತೀನಿ.” ಮೆಟ್ಟಿಲಿಳಿಯುವಾಗಲೇ ಫೋನು ಕಿವಿಗಿಟ್ಟುಕೊಂಡು ತಮ್ಮನ ಹೆಸರು ಕೂಗುತ್ತಿದ್ದ. ಆ ಕಡೆ ಅದು ಕೆಲಸದ ಹೊತ್ತು, ಯಾರೂ ಎತ್ತಲಿಲ್ಲ.

*

ಮಣ್ಣು ಹಾಕುವವರು ಹೊಂಡದ ಪಕ್ಕ ಕಾದು ಕೂತಿದ್ದರು. ಸ್ಮಶಾನದ ಕಚೇರಿಯೆಂದರೆ ಗೇಟಿಗೆ ಅಂಟಿದ ಒಂದು ಕೋಣೆ, ಒಂದು ಮೇಜು, ಗೋಡೆಯಲ್ಲೊಂದು ಗಡಿಯಾರ. ಗುಮಾಸ್ತ ಬಾಗಿಲಿಗೆ ಬೀಗ ಸಿಕ್ಕಿಸಿ, ಹಾಕದೆ ನಿಂತಿದ್ದ. ಒಳ್ಳೆಯವನು. ಪೆಟ್ಟಿಗೆ ಕಂಡದ್ದೇ ಬೀಗ ತೆಗೆದು ಒಳಗೆ ಹೋಗಿ ರಿಜಿಸ್ಟರು ಬಿಚ್ಚಿದ. ಪ್ರಮಾಣಪತ್ರ ನೋಡಿ ಹೆಸರು ಬರೆದ, ವಯಸ್ಸು ಬರೆದ. ಕಸುಬು ಏನೆಂದು ಕೇಳಿದ. ಇಸ್ತ್ರಿ ಎಂದಳು ಅಕ್ಕ. ಸಾವಿನ ಕಾರಣ ಕೇಳಿದ. ಕೆಲಸ ಎಂದಳು ಹೆಂಡತಿ. ಅವನು ತಲೆಯೆತ್ತಿ ನೋಡಿ, ಅಪಘಾತ ಎಂದು ಬರೆಯಲು ಹೊರಟು, ಅವಳ ಮುಖ ನೋಡಿ, ಕೆಲಸದಲ್ಲಿ ಅಪಘಾತ ಎಂದು ಬರೆದ.

ಆಮೇಲೆ ಹೆಣ ಬಂದ ಹೊತ್ತಿನ ಕಾಲಮಿನಲ್ಲಿ ನಾಲ್ಕು ಎಂದು ಬರೆದ.

“ನಾಲ್ಕಲ್ಲ,” ಎಂದಳು ಅವಳು.

ಗುಮಾಸ್ತ ಸಮಾಧಾನದಿಂದ ತಿಳಿಸಿ ಹೇಳಿದ. ಕಚೇರಿ ನಾಲ್ಕಕ್ಕೆ ಮುಚ್ಚಬೇಕು. ಆಮೇಲಿನ ಹೊತ್ತು ಬರೆದರೆ ನಾಳೆ ಮೇಲಿನವರು ಕೇಳುತ್ತಾರೆ. ತಡವಾಗಿ ಬಂದವರಿಗೆಲ್ಲ ನಾಲ್ಕು ಎಂದೇ ಬರೆಯುವುದು, ವರ್ಷಗಳಿಂದ ಹಾಗೇ ನಡೆದಿದೆ, ನಿಮಗೂ ಅನುಕೂಲ, ನನಗೂ ಅನುಕೂಲ. ಹತ್ತಿಪ್ಪತ್ತು ನಿಮಿಷದಲ್ಲಿ ಏನಿದೆಯಮ್ಮ.

ಅವಳು ಪುಸ್ತಕದ ಮೇಲೆ ಅಂಗೈಯಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಜರಡಿಯಂತಾಗಿತ್ತು.

“ನಾಲ್ಕು ಗಂಟೆಗೆ ಅವರು ದಾರೀಲಿದ್ರು,” ಎಂದಳು. “ಇಲ್ಲಿರಲಿಲ್ಲ.”

ಹೊರಗೆ ಆರು ಹೆಗಲು ಭಾರ ಬದಲಿಸಿಕೊಂಡವು. ಹಗ್ಗ ತಾ ಎಂದು ಯಾರೋ ಕೂಗಿದರು. ಕಡ್ಡಿ ಬಾಗಿಲಲ್ಲಿ ಬಂದು ನಿಂತ, ಒಳಗೆ ಬರಲಿಲ್ಲ. ಗುಮಾಸ್ತ ಅವನನ್ನು ನೋಡಿದ, ಅವಳನ್ನು ನೋಡಿದ, ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ನಾಲ್ಕನ್ನು ಹೊಡೆದು ಹಾಕಿ, ಪಕ್ಕದಲ್ಲಿ ನಾಲ್ಕು ಇಪ್ಪತ್ತು ಎಂದು ಬರೆದು, ಪುಸ್ತಕವನ್ನು ಸಹಿಗೆಂದು ಅವಳ ಕಡೆ ತಿರುಗಿಸಿದ.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಗುಮಾಸ್ತನೂ ತಿರುಗಿ ನೋಡಿದ. ದೊಡ್ಡ ಮುಳ್ಳು ಇಪ್ಪತ್ತನ್ನು ದಾಟಿ ಮುಂದೆ ಹೋಗಿತ್ತು. ಆಮೇಲೆ ಅವನು ಪುಸ್ತಕವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು, ಇಪ್ಪತ್ತನ್ನೂ ಹೊಡೆದು ಹಾಕಿ, ಇಪ್ಪತ್ಮೂರು ಎಂದು ಬರೆದ.